ಎತ್ತಿದ ಮುಷ್ಟಿಯನ್ನು ನಾನು ಕಂಡಿದ್ದೆ

ಉಸಿರಿಗೆ ನಾದವಾಗುವ ಭಾಗ್ಯವನ್ನು ಕರುಣಿಸಿದ ಭಗವಂತನಿಗೆ ಮೊದಲ ನಮಸ್ಕಾರ. ದೇವಸ್ಥಾನದ ಪ್ರಾಕಾರಗಳಲ್ಲಿ ಕುಳಿತು ಇಷ್ಟು ವರ್ಷ ನನ್ನ ಸ್ಯಾಕ್ಸೊಫೋನನ್ನು ಸಹನೆಯಿಂದ ಆಲಿಸಿದವರಿಗೆ ಎರಡನೆಯದು. ಮೂರನೆಯದನ್ನು ತಲೆ ತಗ್ಗಿಸಿ ಒಂದು ತುಟಿಗೆ ಸಲ್ಲಿಸಬೇಕಾಗಿದೆ.

ಆ ಮೇಲ್ದುಟಿಯ ನಡುವೆ, ನಾಣ್ಯದ ಅಂಚನ್ನು ಒತ್ತಿ ತೆಗೆದಂತೆ, ಕಮಾನಿನಾಕಾರದ ಒಂದು ಗುರುತಿತ್ತು. ಟ್ರಂಪೆಟ್ಟಿನ ಹಿತ್ತಾಳೆಯ ಬಾಯಿ ನಲವತ್ತು ವರ್ಷ ಅದೇ ಜಾಗದಲ್ಲಿ ಕುಳಿತು ಮಾಡಿದ ಗುರುತು. ಕಾಫಿ ಕುಡಿಯುವಾಗಲೂ ಅವರು ಲೋಟವನ್ನು ತುಟಿಯ ಒಂದು ಮಗ್ಗುಲಿಗೇ ಇಟ್ಟುಕೊಳ್ಳುತ್ತಿದ್ದರು. ನಡುವಿನ ಸ್ಥಳ ವಾದ್ಯಕ್ಕೆ ಮೀಸಲು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ.

ಪ್ರಾಯದಲ್ಲಿ ಮದುವೆ ಮೆರವಣಿಗೆಗಳ ಬ್ಯಾಂಡ್‌ಸೆಟ್ಟಿನಲ್ಲಿ ಊದಿದವರು ಅವರು. ಅನಂತರ ಅರೆಕೆರೆಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಊದುವಾದ್ಯಗಳನ್ನು ರಿಪೇರಿ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ನಾನು ತ್ಯಾಗರಾಜನಗರದಿಂದ ನನ್ನ ವಾದ್ಯವನ್ನು ಅಲ್ಲಿಗೆ ಒಯ್ಯುತ್ತಿದ್ದೆ. ಅದನ್ನು ಮುಟ್ಟುವ ಮುನ್ನ ಅವರು ಒಳಗೆ ಹೋಗಿ ಕೈ ತೊಳೆದು ಬರುತ್ತಿದ್ದರು. ಕೆಲಸ ಮುಗಿದ ಮೇಲೆ ತಾವು ಊದಿ ನೋಡುತ್ತಿರಲಿಲ್ಲ. "ದೇವ್ರ ಮುಂದೆ ನುಡ್ಸೋ ವಾದ್ಯ ಸಾರ್, ನಾನು ಎಂಜಲು ಮಾಡಲ್ಲ. ನೀವೇ ಊದಿ, ನಾನು ಕಿವೀಲಿ ನೋಡ್ಕೋತೀನಿ" ಎನ್ನುತ್ತಿದ್ದರು. ಆ ವಿನಯವನ್ನು ನನಗೆ ಸಲ್ಲಬೇಕಾದ ಮರ್ಯಾದೆಯೆಂದು ತಿಳಿದೆನೇ ಹೊರತು ಅವರೂ ಒಬ್ಬ ವಿದ್ವಾಂಸರೆಂದು ನನಗೆ ತೋರಲಿಲ್ಲ.

ಭಾನುವಾರಗಳಂದು ಜೆ.ಪಿ. ನಗರದ ಒಂದು ಮನೆಯ ನೆಲಮಾಳಿಗೆಯಲ್ಲಿ ಅವರು ಫಂಕ್ ಬ್ಯಾಂಡೊಂದರ ಊದುಗರ ಸಾಲನ್ನು ಪಳಗಿಸುತ್ತಿದ್ದರು. ಫಂಕ್ ಎಂದರೆ ಡ್ರಮ್ಮು, ಗಿಟಾರುಗಳೆಲ್ಲ ತಾಳದ ಪ್ರತಿ ಸುತ್ತಿನ, ಅಂದರೆ ಆವರ್ತದ, ಮೊದಲ ಏಟಿಗೆ ಭಾರ ಹಾಕಿ, ಕೇಳುವವರ ಕಾಲನ್ನು ತಾನಾಗಿ ಕುಣಿಸುವ ಸಂಗೀತ. ಆ ಮೊದಲ ಏಟನ್ನು ನಾವು ಸಮ ಎನ್ನುತ್ತೇವೆ. ಬ್ಯಾಂಡಿನ ಸ್ಯಾಕ್ಸೊಫೋನ್ ವಾದಕ ಬೇರೆ ಊರಿಗೆ ಹೋದಾಗ ಮೇಷ್ಟ್ರು ನನ್ನ ಮನೆಗೆ ಬಂದರು.

"ಒಂದೇ ಪ್ರೋಗ್ರಾಂ ಸಾರ್. ಜಯನಗರದ ಪಾರ್ಕಲ್ಲಿ, ಸಾಯಂಕಾಲ. ನೀವು ಬಂದ್ರೆ ಸಾಲು ತುಂಬುತ್ತೆ."

ಒಪ್ಪಿಕೊಂಡೆ. ಸ್ನೇಹಕ್ಕಾಗಿ ಎಂದು ಮನೆಯವರಿಗೆ ಹೇಳಿದೆ. ಮನೋಧರ್ಮವೆಂದರೆ, ಆ ಗಳಿಗೆಗೆ ಹೊಳೆದದ್ದನ್ನು ನುಡಿಸುವುದೆಂದರೆ, ಏನೆಂದು ಆ ತರುಣರಿಗೆ ತೋರಿಸುವ ಆಸೆಯೇ ಒಳಗಿದ್ದದ್ದು.

ಸಾಲಿನಲ್ಲಿ ನಾವು ಮೂವರು. ಮೇಷ್ಟ್ರ ಟ್ರಂಪೆಟ್, ನನ್ನ ಸ್ಯಾಕ್ಸೊಫೋನ್, ಮತ್ತು ಧಾರವಾಡದ ಕಡೆಯಿಂದ ಬಂದು ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ, ಆಫೀಸಿನ ಕೆಲಸದ ಹೆಣ್ಣುಮಗಳೊಬ್ಬಳ, ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ಊದುವ ಟ್ರಾಂಬೋನ್. ಮೊದಲ ದಿನ ನಾಲ್ಕು ಸ್ವರದ ಒಂದು ತುಣುಕನ್ನೇ ಮೇಷ್ಟ್ರು ಗಂಟೆಗಟ್ಟಲೆ ತಿದ್ದಿದರು. ನನಗೆ ಬೇಸರ ಬಂತು.

"ಅಲ್ಲ ಮೇಷ್ಟ್ರೇ, ಇಷ್ಟಕ್ಕೆ ಇಷ್ಟು ಹೊತ್ತು ಬೇಕೆ?"

"ಶುರು ಮಾಡೋದು ಎಲ್ರಿಗೂ ಬರುತ್ತೆ ಸಾರ್. ಮೂರೂ ಜನ ಸ್ವರಾನ ಒಂದೇ ಸಲ ಬಿಡ್ಬೇಕು, ಅದು ಕಷ್ಟ. ಒಬ್ರು ಚೂರು ಜಾಸ್ತಿ ಎಳೆದ್ರೂ ಬಾಗ್ಲಲ್ಲಿ ಪಂಚೆ ಸಿಕ್ಕಾಕೊಂಡಂಗೆ ಇರುತ್ತೆ."

ಟ್ರಾಂಬೋನಿನ ಹುಡುಗಿ ನನ್ನ ಕಡೆ ನೋಡಿ ಕಿಸಕ್ಕನೆ ನಕ್ಕಳು. "ಗುರುಗಳ, ಇಲ್ಲಿ ಪಂಚೆ ಉಟ್ಟಾವ್ರು ನೀವೊಬ್ರ ನೋಡ್ರಿ!"

ಬರೆದು ಕಲಿತ ಭಾಗದ ನಡುವೆ ಒಬ್ಬೊಬ್ಬರಿಗೂ ಎಂಟು ಆವರ್ತಗಳ ಬಿಡುವು. ಆಗ ಒಬ್ಬರು ಮುಂದೆ ಬಂದು ತಮಗೆ ಹೊಳೆದದ್ದನ್ನು ನುಡಿಸಬೇಕು. ಆರು ಆವರ್ತ ಕೇಳಿದ ಮೇಲೆ ಮೇಷ್ಟ್ರು ಆ ನುಡಿಸಾಣಿಕೆಗೆ ಒಪ್ಪುವ ಒಂದು ಪಲುಕನ್ನು, ಸ್ವರಗಳ ಕಿರುತುಣುಕನ್ನು, ಅಲ್ಲಿಯೇ ಹುಟ್ಟಿಸಿ, ಪಕ್ಕದವರ ಕಿವಿಯಲ್ಲಿ ಗುನುಗುತ್ತಿದ್ದರು. ಮರುಕ್ಷಣವೇ ಹಿಂದಿನಿಂದ ಇಬ್ಬರೂ ಅದನ್ನು ಒಂದೇ ಉಸಿರಿನಲ್ಲಿ ಎತ್ತಿಹಿಡಿಯುತ್ತಿದ್ದರು. ಎಂಟು ಮುಗಿಯುವಾಗ ಅವರ ಎಡಗೈ ಮುಷ್ಟಿ ಮೇಲೇಳುತ್ತಿತ್ತು. ಮುಂದಿನ ಸಮಕ್ಕೆ ಮುಂದಿದ್ದವರು ಸಾಲಿಗೆ ಹಿಂದಿರುಗಬೇಕು. ಆ ದಿಢೀರ್ ಪಲುಕು ಸಾಧ್ಯವಾಗುತ್ತಿದ್ದದ್ದು ಗಂಟೆಗಟ್ಟಲೆಯ ಆ ಅಭ್ಯಾಸದಿಂದಲೇ ಎಂಬುದು ಆಗ ನನಗೆ ಅರ್ಥವಾಗಲಿಲ್ಲ.

ಕೊನೆಯ ಎರಡು ಭಾನುವಾರ ನಾನು ಹೋಗಲಿಲ್ಲ. ಮೇಷ್ಟ್ರು ಫೋನು ಮಾಡಿದರು.

"ನನ್ನ ಭಾಗ ಪಾಠವಾಗಿದೆ. ಮನೋಧರ್ಮಕ್ಕೆ ರಿಹರ್ಸಲ್ ಎಂಥದು ಮೇಷ್ಟ್ರೇ?" ಎಂದೆ.

"ಅದು ನಿಮಗಲ್ಲ ಸಾರ್, ನಮಗೆ. ನಿಮ್ಮನ್ನ ಕೇಳಿ ಕೇಳಿನೇ ಹಿಂದೆ ಏನು ಊದ್ಬೇಕು ಅಂತ ಹೊಳೆಯೋದು."

"ಎಲ್ಲ ವೇದಿಕೆ ಮೇಲೆ ಹೊಳೆಯುತ್ತೆ, ಬಿಡಿ."

ಅವರು "ಅಲ್ಲ ಸಾರ್..." ಎಂದು ಶುರುಮಾಡಿ, "ಸರಿ ಸಾರ್" ಎಂದರು. ಇನ್ನೇನೋ ಹೇಳುವುದಿತ್ತೇ ಎಂದು ನಾನು ಕೇಳಲಿಲ್ಲ.

ಕಛೇರಿಯ ಸಂಜೆ ಪಾರ್ಕು ತುಂಬಿತ್ತು. ಆಯೋಜಕರು ನಮಗೆ ಇಂತಿಷ್ಟೇ ಹೊತ್ತೆಂದು ಗೊತ್ತುಮಾಡಿದ್ದರು. ಕೊನೆಯ ಹಾಡಿನಲ್ಲಿ ಮೊದಲು ಟ್ರಾಂಬೋನ್, ಆಮೇಲೆ ನಾನು, ಕಟ್ಟಕಡೆಗೆ ಮೇಷ್ಟ್ರು ಎಂದು ನಿಶ್ಚಯವಾಗಿತ್ತು. ನಾನು ಮುಂದೆ ಬಂದೆ. ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿರುಗಿಸಿ ಎರಡು ಸಂಗತಿ ಹಾಕುವಷ್ಟರಲ್ಲಿ ಜನ ಹೋ ಎಂದರು. ದೇವಸ್ಥಾನಗಳಲ್ಲಿ ಯಾರೂ ನನಗೆ ಹಾಗೆ ಕೂಗಿದ್ದಿಲ್ಲ. ಹಿಂದಿನಿಂದ ಮೇಷ್ಟ್ರ ಪಲುಕು ಎದ್ದಿತು. ಎರಡೇ ಆವರ್ತಕ್ಕೆಂದು ಆರಿಸಿದ, ತಾರಸ್ಥಾಯಿಯ, ತುಟಿಯ ಬಲವನ್ನೆಲ್ಲ ಬೇಡುವ ಪಲುಕು ಅದು. ನಾನು ಓರೆಗಣ್ಣಿನಿಂದ ನೋಡಿದೆ. ಎಡಗೈ ಮುಷ್ಟಿ ಮೇಲೆದ್ದಿತ್ತು.

ನಾನು ಕಣ್ಣು ಮುಚ್ಚಿಕೊಂಡೆ.

ನನ್ನ ಮುಚ್ಚಿದ ಕಣ್ಣುಗಳನ್ನು ಭಕ್ತಿಯೆಂದು ಕೊಂಡಾಡಿದವರು ಬಹಳ ಮಂದಿ. ಅಂದು ಅದು ಭಕ್ತಿಯಾಗಿರಲಿಲ್ಲ. ಎಂಟರ ಜಾಗದಲ್ಲಿ ಇಪ್ಪತ್ತನಾಲ್ಕು ಆವರ್ತ ನುಡಿಸಿದೆ. ಮೇಷ್ಟ್ರು ಆ ಪಲುಕನ್ನು ನಿಲ್ಲಿಸಬಹುದಾಗಿತ್ತು. ನಿಲ್ಲಿಸಿದ್ದರೆ ನಾನು ಹೇಳದೆ ಕೇಳದೆ ಮುಂದುವರಿದದ್ದು ಸಭೆಗೆ ಬಯಲಾಗುತ್ತಿತ್ತು. ನಾನು ಮುಗಿಸುವ ತನಕ ಅವರು ಅದನ್ನು ಹಿಡಿದು ನಿಂತರು. ಅಷ್ಟರಲ್ಲಿ ಆಯೋಜಕರು ವೇದಿಕೆಯ ಬದಿಯಿಂದ ಗಡಿಯಾರ ತೋರಿಸಿದರು. ಮೇಷ್ಟ್ರು ಮುಂದಕ್ಕೆ ಇಟ್ಟಿದ್ದ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು, ಮುಕ್ತಾಯದ ತುಣುಕಿಗೆ ಸನ್ನೆ ಮಾಡಿದರು. ಮೂವರೂ ಒಂದೇ ಸಲ ಬಿಟ್ಟೆವು. ಚಪ್ಪಾಳೆ ಬಿತ್ತು.

ಮೆಟ್ಟಿಲಿಳಿಯುವಾಗ ಟ್ರಾಂಬೋನಿನ ಹುಡುಗಿ ನನ್ನನ್ನು ತಡೆದಳು. ಅವಳ ಕಣ್ಣುಗಳು ತುಂಬಿದ್ದವು.

"ಮಾಸ್ತರ ಮುಂದಿನ ಹಲ್ಲು ಬುಧವಾರ ತೆಗೀತಾರ್ರೀ ಗುರುಗಳ. ಎಲ್ಲಾ ಅಳ್ಳಾಡಾಕತ್ತಾವು. ಹಲ್ಲಿನ ಆಸರಾ ಇಲ್ದ ಇನ್ನ ಟ್ರಂಪೆಟ್ ಊದಾಕ ಆಗೂದಿಲ್ಲ. ಇವತ್ತಿನ ಕಛೇರೀನ ಕಡೀದು ಇತ್ತು. ಹೋದ ವಾರ ರಿಹರ್ಸಲ್‌ದಾಗ ಹೇಳಿದ್ರು. ನೀವು ಬಂದಿರಲಿಲ್ಲಲ್ರೀ."

ಎರಡು ದಿನ ಧೈರ್ಯ ಸಾಲಲಿಲ್ಲ. ಮಂಗಳವಾರ ಬೆಳಿಗ್ಗೆ ಅರೆಕೆರೆಗೆ ಹೋದೆ. ಮೇಷ್ಟ್ರು ಎಂದಿನಂತೆ ಕುರ್ಚಿ ಎಳೆದು ಹಾಕಿದರು.

"ಮುಷ್ಟಿ ಕಂಡಿತ್ತು ಮೇಷ್ಟ್ರೇ. ಕಾಣಲಿಲ್ಲ ಅಂತ ಹೇಳೋಕೆ ಬಂದಿಲ್ಲ ನಾನು."

"ಗೊತ್ತು ಸಾರ್" ಎಂದರು. ಆಮೇಲೆ ನಕ್ಕು, "ಚೆನ್ನಾಗಿ ನುಡಿಸಿದ್ರಿ. ಅದೇ ತೊಂದ್ರೆ ಆಗಿದ್ದು. ಕೆಟ್ಟದಾಗಿ ನುಡ್ಸಿದ್ರೆ ಕಾಲರ್ ಹಿಡಿದು ಹಿಂದಕ್ಕೆ ಎಳೀತಿದ್ದೆ" ಎಂದರು.

"ಈಗ ನೀವು ನುಡಿಸಿ ಮೇಷ್ಟ್ರೇ. ಆ ಹುಡುಗೀನೂ ಕರೆಸ್ತೀನಿ. ನಾವಿಬ್ಬರೂ ನಿಮ್ಮ ಹಿಂದೆ ನಿಲ್ತೀವಿ."

ಅವರು ತಲೆಯಾಡಿಸಿ, ಮೇಲ್ದುಟಿಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ತೋರಿಸಿದರು. ಒಳಗೆ ತುಟಿ ಸೀಳಿಹೋಗಿತ್ತು. ಹದಿನಾರು ಆವರ್ತ ನನಗಾಗಿ ಹೆಚ್ಚಿಗೆ ಹಿಡಿದು ನಿಂತದ್ದರ ಗಾಯ. "ಇದು ಒಣಗೋಕೆ ವಾರ ಬೇಕು ಸಾರ್. ಡಾಕ್ಟರ್ ನಾಳೆನೇ ಬರೋಕೆ ಹೇಳಿದಾರೆ." ಬಳಿಕ ಒಳಗೆ ತಿರುಗಿ ಕೂಗಿದರು: "ಕಾಫಿ ಎರಡು ಮಾಡೇ, ಸಾರ್ ಬಂದಿದಾರೆ."

ಅವರು ಮತ್ತೆ ಟ್ರಂಪೆಟ್ ಊದಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಕೈಯಿಂದಲೇ ಸಾಲನ್ನು ನಡೆಸಿದರು. ನಾನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಒಟ್ಟಿಗೆ ಬಿಡುವುದನ್ನು ನನ್ನ ಎಪ್ಪತ್ತರ ವಯಸ್ಸಿನಲ್ಲಿ ನನಗೆ ಕಲಿಸಿದವರು ಅವರು.

ಹೋದ ವರ್ಷ ಅವರು ತೀರಿಕೊಂಡರು. ಸಂತಾಪ ಸಭೆಯಲ್ಲಿ ಕೇಳಿಸಲು ಅವರ ಕಡೆಯ ಕಛೇರಿಯ ಒಂದೇ ಒಂದು ಧ್ವನಿಮುದ್ರಣ ಸಿಕ್ಕಿತು, ಯಾರೋ ಮೊಬೈಲಿನಲ್ಲಿ ಹಿಡಿದದ್ದು. ಅದರ ತುಂಬ ನಾನೇ ಇದ್ದೆ. ಮುಗಿದಾಗ ಸಭೆ ಚಪ್ಪಾಳೆ ತಟ್ಟಿತು, ಪಕ್ಕದಲ್ಲಿದ್ದವರೊಬ್ಬರು ನನ್ನ ಕೈ ಹಿಡಿದು, "ಏನ್ ನುಡಿಸಿದೀರಿ ಸಾರ್! ಮೇಷ್ಟ್ರಿಗೆ ಇದಕ್ಕಿಂತ ಬೇಕಾ?" ಎಂದರು.

ಎದ್ದು ನಿಂತು, ಇಲ್ಲಿ ಬರೆದುದನ್ನೆಲ್ಲ ಸಭೆಗೆ ಹೇಳಿದೆ. ಇನ್ನೊಮ್ಮೆ ಹಾಕಿ, ನನ್ನನ್ನು ಬಿಟ್ಟು ನನ್ನ ಹಿಂದಿನ ಟ್ರಂಪೆಟ್ಟನ್ನು ಕೇಳಿ ಎಂದು ಬೇಡಿಕೊಂಡೆ. ಹಾಕಿದರು. ಕೊನೆಯ ಆವರ್ತಗಳಲ್ಲಿ ಆ ಟ್ರಂಪೆಟ್ ನಡುಗುತ್ತದೆ, ಒಂದೆರಡು ಕಡೆ ಸ್ವರ ಒಡೆಯುತ್ತದೆ, ಆದರೂ ಪ್ರತಿ ಸಮಕ್ಕೂ ಬಂದು ನಿಲ್ಲುತ್ತದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆ ಸಂಜೆ ನುಡಿಸಿದವರು, ನಿಂತು ಕೇಳಿದವರು, ಗಡಿಯಾರ ತೋರಿಸಿದವರು, ನನಗೆ ಸತ್ಯವನ್ನು ಹೇಳಿದ ಆ ಮಗಳು, ಎಲ್ಲರಿಗೂ ಭಗವಂತ ದೀರ್ಘವಾದ ಉಸಿರನ್ನು ಕೊಡಲಿ. ಮುಂದೆ ನಿಲ್ಲುವ ಪ್ರತಿಯೊಬ್ಬರಿಗೂ, ಹಿಂದೆ ಅಂಥ ಒಬ್ಬರು ದೊರೆಯಲಿ.