ಬೆಳುವಾಯಿಯ ಹುಲಿಯ ಬಾಲ

ಮೂವತ್ತು ವರ್ಷದಿಂದ ಹುಲಿವೇಷಕ್ಕೆ ಬಣ್ಣ ಬರೆಯುವವ ನಾನು. ಆಗಸ್ಟ್ ಹದಿನೈದಕ್ಕೆ ಬೆಳುವಾಯಿಯಲ್ಲಿ ಗೇರುಬೀಜ ಫ್ಯಾಕ್ಟರಿಯಲ್ಲಿ ಕೆಲಸಕ್ಕಿರುವ ಒಡಿಶಾದವರೂ ಹುಲಿವೇಷ ಹಾಕ್ತಾರೆಂದು ಕೇಳಿ ತಲೆ ಕೆಟ್ಟಿತು. ನಮ್ಮದನ್ನು ಕದಿಯುವುದಾ? ಆ ದಿನ ಬೆಳಿಗ್ಗೆ ಬೈಯಲೆಂದೇ ಹೋದೆ.

ಅಲ್ಲಿ ಒಬ್ಬ ಆಗಲೇ ಗೆಳೆಯನ ಹೊಟ್ಟೆಗೆ ಪಟ್ಟೆ ಎಳೆಯುತ್ತಿದ್ದ. ಕೈ ಒಂಚೂರೂ ನಡುಗುತ್ತಿರಲಿಲ್ಲ.

"ಯಾರು ಮಾರಾಯ ನಿನಗೆ ಕಲಿಸಿದ್ದು?" ಎಂದೆ.

"ಅಜ್ಜ," ಎಂದು ಅವ ಮೊಬೈಲ್‌ನಲ್ಲಿ ವಿಡಿಯೊ ತೋರಿಸಿದ. ಒಡಿಶಾದ ಗಂಜಾಂನಲ್ಲಿ ಅವರೂರಿನ ದೇವಿಯ ಹಬ್ಬ. ಮುದುಕನ ಮೈಯೆಲ್ಲ ಹಳದಿ, ಅದರ ಮೇಲೆ ಕಪ್ಪು ಪಟ್ಟೆ. ಹುಲಿ ಬರೀ ನಮ್ಮದೆಂದು ಇಷ್ಟು ವರ್ಷ ಯಾರ್ಯಾರಿಗೆ ಹೇಳಿದ್ದೇನೋ!

ಅವರ ಹುಲಿಗೆ ಉದ್ದ ಬಾಲ ಉಂಟು. ಹಿಂದಿನಿಂದ ಒಬ್ಬ ಹಿಡಿದುಕೊಳ್ಳಬೇಕು. ಧ್ವಜ ಏರಿದ ಮೇಲೆ ಮೆರವಣಿಗೆಯುದ್ದಕ್ಕೂ ಅದನ್ನು ಹಿಡಿದು ನಡೆದವ, ಬೈಯಲು ಬಂದಿದ್ದ ನಾನೇ.