ಗುಲಾಬಿ ಕಾಗದದ ಮೇಲಿನ ತಕ್ಕಡಿ

ಪ್ರೆಸ್ಸಿನವರು ಅತ್ತೆಯ ಚುನಾವಣೆ ಗುರುತಾದ ತಕ್ಕಡಿಯ ಬದಲು ಎದುರಾಳಿಯ ಏಣಿಯನ್ನೇ ಅಚ್ಚು ಹಾಕಿಬಿಡಬಹುದಿತ್ತು. ಕರಪತ್ರದ ಕಟ್ಟನ್ನು ನಾನು ರೈಲಿನಲ್ಲೇ ಮರೆತು ಯಲಹಂಕದಲ್ಲಿ ಇಳಿದು, ಅದೊಂದೇ ದೊಡ್ಡಬಳ್ಳಾಪುರಕ್ಕೆ ಹೋಗಬಹುದಿತ್ತು. ಗೋಡೆಗೆ ಅಂಟಿಸಿದ ಕಾಗದವನ್ನು ಮೈದಾ ಅಂಟಿನ ಆಸೆಗೆ ದನಗಳು ತಿಂದುಹಾಕಬಹುದಿತ್ತು. ಅತ್ತೆ ಮತಗಟ್ಟೆಯೊಳಗೆ ಹೋಗಿ ಅಲ್ಲಿದ್ದ ಅಧಿಕಾರಿಯನ್ನು ಊಟಕ್ಕೆ ಕರೆಯಬಹುದಿತ್ತು. ಮತದಾನದ ದಿನವೇ ಮಗುವಿಗೆ ಜ್ವರ ಬರಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಕೆಲಸ ಹೋಗಬಹುದಿತ್ತು. ಮಿಕ್ಕವನ್ನೆಲ್ಲ ಕಲ್ಪಿಸಿಕೊಂಡು ಹೆದರುವುದು ನನ್ನ ಹುಟ್ಟುಗುಣ. ಕೊನೆಯದು ಮಾತ್ರ ನನ್ನ ಕಲ್ಪನೆಯಾಗಿರಲಿಲ್ಲ.

ಅದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಯಲಹಂಕದ ಪಕ್ಕದ ಹಳ್ಳಿಯಲ್ಲಿ ನಮ್ಮ ಮನೆ. ಅಲ್ಲಿಂದ ಒಂದು ಮೈಲಿ ನಡೆದರೆ ನಾನು ಪಾಠ ಹೇಳುತ್ತಿದ್ದ ಸರ್ಕಾರಿ ಪ್ರಾಥಮಿಕ ಶಾಲೆ. ಯಶವಂತಪುರದಲ್ಲಿ ನನ್ನ ಯಜಮಾನರು ಕೆಲಸ ಮಾಡುತ್ತಿದ್ದ ಸಣ್ಣ ಕಾರ್ಖಾನೆ ಬಾಗಿಲು ಹಾಕಿ ಏಳು ತಿಂಗಳಾಗಿತ್ತು. ಅತ್ತೆ, ಯಜಮಾನರು, ಎರಡು ಮಕ್ಕಳು, ಎಲ್ಲರ ಅನ್ನವೂ ನನ್ನ ಒಬ್ಬಳ ಸಂಬಳದಲ್ಲೇ ಬೇಯುತ್ತಿತ್ತು. ಯಜಮಾನರು ಬೆಳಿಗ್ಗೆ ಎದ್ದು ಷರಟು ಹಾಕಿಕೊಂಡು, ಎಲ್ಲಿಗೂ ಹೋಗುವುದಿಲ್ಲವೆಂದು ನೆನಪಾಗಿ ಮತ್ತೆ ಬಿಚ್ಚಿಡುವುದನ್ನು ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ.

ನಮ್ಮೂರಲ್ಲಿ ಅಲ್ಲಿಯವರೆಗೆ ಪಂಚಾಯ್ತಿ ಚುನಾವಣೆ ಅಂದರೆ ಚಾವಡಿಯಲ್ಲಿ ಹಿರಿಯರು ಸೇರಿ, ಎಲೆಅಡಿಕೆ ಮುಗಿಯುವುದರೊಳಗೆ 'ಅವಿರೋಧ' ಎಂದು ಬರೆದುಕೊಂಡು ಏಳುವುದು. ಯಾರಾದರೂ ತಕರಾರು ತೆಗೆದರೆ ಕೈ ಎತ್ತಿಸುತ್ತಿದ್ದರು. ಪಟೇಲರ ಎದುರಿಗೆ ಪಟೇಲರಿಗೆ ಆಗದ ಕಡೆ ಕೈ ಎತ್ತುವ ಗಂಡಸು ನಮ್ಮೂರಲ್ಲಿ ಇನ್ನೂ ಹುಟ್ಟಿರಲಿಲ್ಲ. ಈಗ ಹೊಸ ಕಾನೂನು ಬಂದಿತ್ತು. ಹೆಂಗಸರಿಗೂ ಸ್ಥಾನ ಮೀಸಲು, ಮರೆಯಲ್ಲಿ ನಿಂತು ಚೀಟಿಗೆ ಮುದ್ರೆ ಒತ್ತಿ ಮಡಚಿ ಹಾಕಬೇಕು, ಯಾರು ಯಾರಿಗೆ ಹಾಕಿದರೆಂದು ದೇವರಿಗೂ ಗೊತ್ತಾಗಬಾರದು. ಇದನ್ನೆಲ್ಲ ಪೇಪರಿನಲ್ಲಿ ಓದಿ ಅತ್ತೆಗೆ ಹೇಳಿದವಳು ನಾನೇ. ಅವರು ಅವರೆಕಾಯಿ ಸುಲಿಯುತ್ತ ಸುಮ್ಮನೆ ಕೇಳಿಸಿಕೊಂಡರು. ಅವರು ಸುಮ್ಮನಿದ್ದಾಗ ಹೆದರಬೇಕೆಂದು ನನಗೆ ಆಗ ಗೊತ್ತಿರಲಿಲ್ಲ.

ಹೆಂಗಸರ ಸ್ಥಾನಕ್ಕೂ ಪಟೇಲರ ಮನೆಯ ಹಿರಿಸೊಸೆಯನ್ನೇ ಅವಿರೋಧವಾಗಿ ಮಾಡುವುದೆಂದು ಚಾವಡಿಯಲ್ಲಿ ತೀರ್ಮಾನವಾಯಿತು. ಆಕೆಯೂ ಅತ್ತೆಯೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು, ನಲವತ್ತು ವರ್ಷದಿಂದ ಅಲ್ಲಾಳಸಂದ್ರದ ಕೆರೆಗೆ ಒಟ್ಟಿಗೆ ಬಟ್ಟೆ ಒಯ್ಯುವವರು. ಆದರೂ ಅತ್ತೆ ಚಾವಡಿಯ ಮೆಟ್ಟಿಲ ಕೆಳಗೆ ನಿಂತು ಕೇಳಿದರಂತೆ: "ಅಲ್ಲ ಕಣ್ರಪ್ಪ, ಎಂಗುಸ್ರು ಅಂದ್ರೆ ಅವುಳೊಬ್ಳೇನಾ? ನಾವೆಲ್ಲ ಏನು?"

ಯಾರೋ ನಕ್ಕರಂತೆ. "ನೀನೂ ನಿಂತ್ಕೋ ಓಗತ್ತೆ, ಯಾರ್ ಬ್ಯಾಡಾಂದ್ರು?"

ನಿಂತೇಬಿಟ್ಟರು. ಅವರಿಗೆ ಸಿಕ್ಕ ಗುರುತು ತಕ್ಕಡಿ, ಪಟೇಲರ ಸೊಸೆಗೆ ಏಣಿ.

ಮತದಾರರ ಪಟ್ಟಿಯಲ್ಲಿ ಅತ್ತೆಯ ನಿಜವಾದ ಹೆಸರನ್ನು ನಾನು ಮೊದಲ ಬಾರಿಗೆ ಓದಿದೆ. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಊರಿಗೆಲ್ಲ ಅವರು ಹುಣಸೆಮರದತ್ತೆ. ಹೆಸರನ್ನು ಗಟ್ಟಿಯಾಗಿ ಓದಿದಾಗ ಅವರೇ "ಅದ್ಯಾರಮ್ಮಿ?" ಅಂದರು. ಹೀಗಾದರೆ ಓಟು ಹಾಕುವವರ ಗತಿ ಏನು? ಒಂದು ಕರಪತ್ರ ಅಚ್ಚು ಹಾಕಿಸಲೇಬೇಕು, ಹೆಸರಿನ ಕೆಳಗೆ ಹುಣಸೆಮರದತ್ತೆ ಅಂತ ದಪ್ಪಕ್ಷರದಲ್ಲಿ ಇರಬೇಕು ಅಂತ ಯಜಮಾನರು ಹೇಳಿದರು. ಏಳು ತಿಂಗಳಲ್ಲಿ ಅವರ ಮುಖ ಮೊದಲ ಸಲ ಕಳೆಗಟ್ಟಿತ್ತು. ಬರೆಯುವವರು ಯಾರು? ಮನೆಯಲ್ಲಿ ಅಕ್ಷರ ಚೆನ್ನಾಗಿದ್ದದ್ದು ನನ್ನದೇ.

ಸರ್ಕಾರಿ ನೌಕರರು ಚುನಾವಣೆಯಲ್ಲಿ ಯಾರ ಪರವಾಗಿಯೂ ಬೆರಳೆತ್ತಬಾರದೆಂಬ ಸುತ್ತೋಲೆ ಅದೇ ವಾರ ಶಾಲೆಗೆ ಬಂದಿತ್ತು. ನಾನೇ ಓದಿ ಸಹಿ ಹಾಕಿದ್ದೆ. ಆದರೂ ಬರೆದೆ. ಹೆದರಿಕೆಯಿಂದ ನಾಲ್ಕು ಸಲ ಹರಿದು ಐದನೇ ಸಲ ಬರೆದೆ. ತಕ್ಕಡಿ ಅಂದರೆ ನ್ಯಾಯ, ನಮ್ಮ ಬೀದಿಗೂ ಒಂದು ದೀಪದ ಕಂಬ, ಇಂಥವೇ. ಯಶವಂತಪುರದ ಪ್ರೆಸ್ಸಿಗೆ ಭಾನುವಾರ ರೈಲಿನಲ್ಲಿ ಹೋಗಿ ಕೊಟ್ಟು ಬಂದೆ. ಯಜಮಾನರು ಹೋಗಲಿಲ್ಲ, ಅಲ್ಲಿ ಹಳೆಯ ಕಾರ್ಖಾನೆಯವರು ಯಾರಾದರೂ ಎದುರಾಗುತ್ತಾರೆಂದು ಅವರಿಗೆ ಸಂಕೋಚ.

ಪ್ರೆಸ್ಸಿನ ಮಾಲೀಕರು ಮಸಿ ಹತ್ತಿದ ಬನೀನಿನಲ್ಲಿ ಟ್ರೆಡಲ್ ಮೆಷಿನ್ನಿನ ಪಕ್ಕ ಕೂತಿದ್ದರು. "ಅಚ್ಚು ಹಾಕಿದೋರು ನಾವು ಅಂತ ಅಡೀಲಿ ನಮ್ಮ ಹೆಸರು, ಹಾಕ್ಸಿದೋರು ಯಾರು ಅಂತ ನಿಮ್ಮ ಹೆಸರು. ಎರಡೂ ಇರ್ಬೇಕಮ್ಮ. ಇದು ಎಲೆಕ್ಷನ್ ಕಾಗದ, ಮದುವೆ ಕಾಗದ ಅಲ್ಲ" ಅಂದರು. ನನ್ನ ಹೆಸರು ಹಾಕುವಂತಿರಲಿಲ್ಲ, ನಮ್ಮ ಯಜಮಾನರ ಹೆಸರನ್ನು ಬರೆದುಕೊಟ್ಟೆ. ಬಾಯಲ್ಲಿ ಹೇಳು ಅನ್ನದಿದ್ದದ್ದು ಅವರ ದೊಡ್ಡತನ. ತಕ್ಕಡಿಯ ಚಿತ್ರ ಮೂಡಿಸುವ ಬ್ಲಾಕು ಅವರ ಹತ್ತಿರ ಇರಲಿಲ್ಲ. ಯಾವುದೋ ದಿನಸಿ ಅಂಗಡಿಯ ಬಿಲ್ಲಿಗೆಂದು ಮಾಡಿಸಿದ್ದ ಹಳೆಯ ಬ್ಲಾಕು ಹುಡುಕಿ ತೆಗೆದರು. ಅದರ ಒಂದು ತಟ್ಟೆ ಕೆಳಗೆ ಜಗ್ಗಿತ್ತು.

"ನ್ಯಾಯ ಅಂತ ಬರೆದು ಬಾಗಿದ ತಕ್ಕಡಿ ಹಾಕೋದಾ?" ಅಂದೆ.

"ದಿನಸಿ ತುಂಬಿದೆ ಅಂದ್ಕೊಳ್ಳೀಮ್ಮ" ಅಂದರು.

ಗುರುವಾರ ಕಟ್ಟು ತಂದೆ. ಗುಲಾಬಿ ಬಣ್ಣದ ತೆಳ್ಳನೆ ಕಾಗದ. ಬರುವಾಗ ರೈಲಿನ ಕಿಟಕಿಯ ಹತ್ತಿರ ಕೂತು, ಎಲ್ಲಿ ಏನು ತಪ್ಪಿದೆಯೋ ಎಂದು ಒಂದನ್ನು ತೆಗೆದು ಹತ್ತು ಸಲ ಓದಿದೆ. ಏನೂ ತಪ್ಪಿರಲಿಲ್ಲ. ಹಾಗಾದರೆ ಹೆದರುವುದಕ್ಕೆ ಇನ್ನೇನು ಉಳಿದಿದೆ ಎಂದು ಹುಡುಕುತ್ತಿದ್ದಾಗ, ರೈಲು ಕೊಡಿಗೇಹಳ್ಳಿ ದಾಟುವ ಹೊತ್ತಿಗೆ, ಅದು ಸಿಕ್ಕಿಬಿಟ್ಟಿತು. ನಾನು ಬರೆದುಕೊಟ್ಟ ಕಾಪಿ ಪ್ರೆಸ್ಸಿನಲ್ಲೇ ಇದೆ. ಮನೆಯಲ್ಲಿದ್ದ ಒಳ್ಳೆಯ ಕಾಗದ ಅಂದರೆ ಶಾಲೆಯಿಂದ ತಂದಿದ್ದ ಗೆರೆ ಎಳೆದ ಹಾಳೆ. ಅದರ ಬಲಮೂಲೆಯಲ್ಲಿ ಶಾಲೆಯ ದುಂಡು ಮೊಹರು. ಮೊಹರಿನ ಕೆಳಗೆ, ಊರಿನ ಅರ್ಧ ಮಕ್ಕಳು ನೋಡಿ ತಿದ್ದಿದ ನನ್ನ ದುಂಡು ಅಕ್ಷರ. ದನಗಳು ಮೈದಾ ತಿನ್ನುವ ತನಕ ಯೋಚಿಸಿದವಳಿಗೆ ಇದು ಹೊಳೆದಿರಲಿಲ್ಲ.

ಮಾರನೆಯ ದಿನ ಶಾಲೆಗೆ ತಲೆನೋವೆಂದು ಚೀಟಿ ಕಳಿಸಿ ಮತ್ತೆ ಪ್ರೆಸ್ಸಿಗೆ ಓಡಿದೆ.

"ನಿಮ್ಮ ಕಾಪೀನಾ? ಇಲ್ಲೇ ಕಂಬಿಗೆ ಚುಚ್ಚಿದ್ದೆ. ನಿನ್ನೆ ಸಂಜೆ ನೀವು ಹೋದ್ಮೇಲೆ ನಿಮ್ಮೂರಿನೋರೇ ಒಬ್ರು ಏಣಿ ಗುರುತಿನ ಕರಪತ್ರ ಹಾಕ್ಸೋಕೆ ಬಂದಿದ್ರು. ನೋಡಿ, ಇದು ನಮ್ಮ ಮೇಷ್ಟ್ರಮ್ಮಂದು, ನಾನೇ ತಲುಪಿಸ್ತೀನಿ ಅಂತ ತಗೊಂಡ್ಹೋದ್ರು. ತಲುಪಲಿಲ್ವಾ?"

ತಲುಪಲಿಲ್ಲ. ಅವನು ಪಟೇಲರ ಸೊಸೆಯ ಕಿರಿಮಗ. ನನ್ನ ಹತ್ತಿರವೇ ಮೂರನೇ ಕ್ಲಾಸು ಓದಿದವನು. ಆ ಸಂಜೆ ನಾನು ಸ್ಟೇಷನ್ನಿನಿಂದ ನಡೆದು ಬರುವಾಗ ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಏನ್ ಸಮಾಚಾರ ಮೇಷ್ಟ್ರಮ್ಮ? ತಲೆನೋವು ವಾಸಿ ಆಯ್ತಾ?"

ನಾನು ತಲೆ ತಗ್ಗಿಸಿ ನಡೆದೆ, ಅವನು ಸೈಕಲ್ ತಳ್ಳಿಕೊಂಡು ಜೊತೆಗೆ ಬಂದ.

"ಅಕ್ಷರ ಹಂಗೇ ಮುತ್ತು ಪೋಣಿಸ್ದಂಗಿದೆ. ಸ್ಕೂಲ್ ಇನ್ಸ್‌ಪೆಕ್ಟರ್‌ರೂ ಒಂದ್ಸಲ ನೋಡ್ಲಿ ಅಂತ ಅರ್ಜಿ ಬರ್ದಿಟ್ಟಿದ್ದೀನಿ. ಗಾಬರಿಯಾಗ್ಬೇಡಿ. ನಮ್ಮಮ್ಮ ಗೆದ್ರೆ ಅದು ನಮ್ಮನೇಲೇ ಇರುತ್ತೆ. ಹುಣಸೆಮರದತ್ತೆ ಗೆದ್ರೆ ಮಾತ್ರ ಪೋಸ್ಟ್ ಆಗುತ್ತೆ."

"ಅಪ್ಪಾ, ನಿನ್ನ ಕೈ ಹಿಡಿದು ತಿದ್ದಿಸಿದ್ದು ನಾನಲ್ವೇನೋ" ಅಂದೆ. ನನ್ನ ದನಿ ನನಗೇ ಹೇಸಿಗೆಯಾಗುವ ಹಾಗಿತ್ತು.

"ಅದಕ್ಕೇ ನೋಡಿದ ತಕ್ಷಣ ಗುರುತು ಸಿಕ್ತು" ಅಂದು ಸೈಕಲ್ ಹತ್ತಿದ.

ನಾಮಪತ್ರ ವಾಪಸು ತೆಗೆದುಕೊಳ್ಳುವ ದಿನ ಕಳೆದುಹೋಗಿತ್ತು. ರಾತ್ರಿ ಯಜಮಾನರಿಗೆ ಪಿಸುದನಿಯಲ್ಲಿ ಹೇಳಿದೆ. ಅವರು ಎದ್ದು ದೀಪ ಸಣ್ಣ ಮಾಡಿದರು. ಆಮೇಲೆ "ಅಮ್ಮನಿಗೆ ಹೇಳ್ಬೇಡ. ಇಷ್ಟು ಖುಷಿಯಾಗಿ ನಾನು ಅವಳನ್ನ ನೋಡೇ ಇಲ್ಲ" ಅಂದರು. ಹೇಳಲಿಲ್ಲ. ಆದರೆ ನಮ್ಮದು ಮೂರಂಕಣದ ಮನೆ, ನಡುಗೋಡೆ ಹೆಂಚಿನ ತನಕ ಏರಿರಲಿಲ್ಲ. ಗೋಡೆಯಾಚೆ ಅತ್ತೆ ಮಗ್ಗುಲು ಬದಲಾಯಿಸಿದ ಸದ್ದಾಯಿತು.

ಆಮೇಲಿನ ಒಂಬತ್ತು ದಿನ ನಾನು ಹೇಗೆ ಪಾಠ ಮಾಡಿದೆನೋ ತಿಳಿಯದು. ಬೋರ್ಡಿನ ಮೇಲೆ ಬರೆಯುತ್ತ ಅಕ್ಷರವನ್ನು ಬೇಕೆಂದೇ ಸೊಟ್ಟ ಮಾಡುತ್ತಿದ್ದೆ. ಇನ್ಸ್‌ಪೆಕ್ಟರರ ಜೀಪು ಬಂದಂತೆ ಕೇಳಿಸಿ ಎರಡು ಸಲ ಹೊರಗೆ ಓಡಿದೆ. ಒಂದು ಸಲ ಅದು ಸೀಮೆಎಣ್ಣೆಯ ಗಾಡಿ, ಇನ್ನೊಂದು ಸಲ ಏನೂ ಇರಲಿಲ್ಲ. ಅತ್ತೆ ಮಾತ್ರ ಗುಲಾಬಿ ಕಾಗದವನ್ನು ಮನೆಮನೆಗೆ ಕೊಟ್ಟು ಬರುತ್ತಿದ್ದರು. ಪಟೇಲರ ಮನೆಗೂ ಒಂದು ಕೊಟ್ಟು ಮಜ್ಜಿಗೆ ಕುಡಿದು ಬಂದರು. ಅವರು ಗೆಲ್ಲುತ್ತಾರೆಂದು ಊರಿನ ಹೆಂಗಸರೆಲ್ಲ ಹೇಳತೊಡಗಿದಾಗ ನಾನು ದೇವರ ಮುಂದೆ ನಿಂತು ಏನು ಬೇಡಿಕೊಳ್ಳಬೇಕೆಂದು ತೋಚದೆ ದೀಪ ಹಚ್ಚಿ ಎದ್ದು ಬಂದದ್ದುಂಟು.

ಮತದಾನ ಚಾವಡಿಯಲ್ಲೇ ನಡೆಯಿತು. ಮೂಲೆಯಲ್ಲಿ ಒಂದು ಕಂಬಳಿ ಇಳಿಬಿಟ್ಟು ಮರೆ ಮಾಡಿದ್ದರು. ಹಿಂದಿನ ದೊಡ್ಡ ಚುನಾವಣೆಯಲ್ಲಿ ಅಭ್ಯರ್ಥಿಗೊಂದು ಪೆಟ್ಟಿಗೆ ಇಟ್ಟಿದ್ದಾಗ ಅತ್ತೆ ಎಲ್ಲ ಪೆಟ್ಟಿಗೆಗೂ ಕೈಮುಗಿದು ಬಂದಿದ್ದರು. ಈ ಸಲ ಚೀಟಿ ಹೇಗೆ ಒತ್ತಬೇಕೆಂದು ನಾನು ಸ್ಲೇಟಿನ ಮೇಲೆ ಬರೆದು ತೋರಿಸಿದ್ದೆ. ಮೇಲಿನ ಮನೆಯಲ್ಲಿ ತಕ್ಕಡಿ, ಕೆಳಗಿನ ಮನೆಯಲ್ಲಿ ಏಣಿ. ಅವರು ಒಂದೇ ಸಲಕ್ಕೆ ಕಲಿತಿದ್ದರು. ನನಗಿಂತ ಮೊದಲು ಕಂಬಳಿಯ ಹಿಂದೆ ಹೋಗಿ, ಸರಸರನೆ ಬಂದು, ಚೀಟಿ ಹಾಕಿ ಹೋದರು.

ನನ್ನ ಸರದಿ ಬಂತು. ಕಂಬಳಿಯ ಹಿಂದೆ ನಾನೂ ಚೀಟಿಯೂ ಮುದ್ರೆಯೂ, ಮೂರೇ. ಏಣಿಯ ಮೇಲೆ ಒತ್ತಿದರೆ ಯಾರಿಗೂ ತಿಳಿಯುವುದಿಲ್ಲ. ನನ್ನ ಒಂದು ಓಟಿನಿಂದ ಅತ್ತೆ ಸೋಲಬಹುದು, ಸೋತರೆ ಮನೆಯಲ್ಲಿ ಅನ್ನ ಬೇಯುತ್ತದೆ. ಮುದ್ರೆಯನ್ನು ಏಣಿಯ ಮೇಲೆ ಹಿಡಿದೆ. ಹಿಡಿದೇ ಇದ್ದೆ. ಮಸಿಯ ಒಂದು ಹನಿ ನನ್ನ ಹೆಬ್ಬೆರಳಿಗೆ ಇಳಿಯಿತು. "ಏನಮ್ಮ, ಒಳಗೆ ಕತೆ ಬರೀತಿದ್ದೀರಾ?" ಅಂತ ಅಧಿಕಾರಿ ಕೂಗಿದರು. ಕೈ ಮೇಲಕ್ಕೆ ಸರಿಸಿ ತಕ್ಕಡಿಯ ಮೇಲೆ ಒತ್ತಿದೆ. ಧೈರ್ಯದಿಂದಲ್ಲ. ಮನೆಗೆ ಹೋಗಿ ಅತ್ತೆಯ ಮುಖ ನೋಡಬೇಕಲ್ಲ ಎಂಬ ಹೆದರಿಕೆಯಿಂದ.

ಸಂಜೆ ಅಲ್ಲೇ ಎಣಿಸಿದರು. ಏಣಿಗೆ ಒಂದು ಓಟು ಹೆಚ್ಚು. ಇನ್ನೊಂದು ಸಲ ಎಣಿಸಿದರು, ಅಷ್ಟೇ. ನಾನು ಚಾವಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸೋತ ದುಃಖವೆಂದು ಎಲ್ಲರೂ ಸಮಾಧಾನ ಮಾಡಿದರು. ಅತ್ತೆ ಪಟೇಲರ ಸೊಸೆಯ ಹತ್ತಿರ ಹೋಗಿ, "ಗೆದ್ದಲ್ಲಮ್ಮಿ! ನಮ್ಮ ಬೀದಿಗೆ ಲೈಟು ಆಕ್ಸು, ಇಲ್ದಿದ್ರೆ ನಿನ್ ಬಟ್ಟೆ ಕೆರೇಲಿ ಬುಟ್ಬುಡ್ತೀನಿ" ಅಂದರು. ಇಬ್ಬರೂ ನಕ್ಕರು.

ದೀಪ ಹಚ್ಚುವ ಹೊತ್ತಿಗೆ ಗೆದ್ದವರ ಮನೆಯಿಂದ ಮನೆಮನೆಗೂ ಸಕ್ಕರೆ ಬಂತು. ನಮ್ಮ ಪಾಲನ್ನು ಆ ಮಗನೇ ತಂದ. ನನ್ನ ಮುಖ ನೋಡದೆ ಪೊಟ್ಟಣವನ್ನು ಅತ್ತೆಯ ಕೈಗೆ ಕೊಟ್ಟು ಹೋದ. ಅತ್ತೆ ಒಲೆಯ ಮುಂದೆ ಕೂತು, ಸಕ್ಕರೆಯನ್ನು ಡಬ್ಬಿಗೆ ಸುರಿದು, ಕಾಗದವನ್ನು ಕೊಡವಿ, ಮಡಿಕೆ ಬಿಡಿಸಿ ಮೊಣಕಾಲಿನ ಮೇಲೆ ಸವರಿದರು. ಮೂಲೆಯಲ್ಲಿ ಶಾಲೆಯ ದುಂಡು ಮೊಹರು, ಅದರ ಕೆಳಗೆ ನನ್ನ ಅಕ್ಷರ. ಅವರಿಗೆ ಓದಲು ಬರುತ್ತಿರಲಿಲ್ಲ.

"ತಗೋ, ಒಲೆ ಉರೀತೈತೆ, ಆಕ್ಬುಡು" ಅಂದರು.

ಹಾಕಿದೆ. ಅದು ಪೂರ್ತಿ ಸುಡುವವರೆಗೆ ಇಬ್ಬರೂ ನೋಡುತ್ತ ಕೂತೆವು. ಆಮೇಲೆ ಕೇಳಿದೆ, "ಅತ್ತೆ, ನೀವು ಓಟು ಯಾರಿಗೆ ಹಾಕಿದ್ರಿ?"

"ಅವುಳ್ಗೇ."

"ಅವರಿಗಾ! ಯಾಕತ್ತೆ?"

"ಇನ್ನೇನು, ನನ್ ಗುರ್ತಿಗೆ ನಾನೇ ಒತ್ಕಳಾದಾ? ಪಂಕ್ತೀಲಿ ಕೂತ್ಕಂಡು ನಂಗೇ ಮೊದ್ಲು ಬಡ್ಸಿ ಅಂದಂಗೆ. ನಾಚ್ಕೆ ಬ್ಯಾಡ್ವಾ?" ಅಂದು, ಕೆದಕಬೇಕಿಲ್ಲದ ಕೆಂಡವನ್ನು ಕೆದಕಿದರು. "ನಿನ್ ಎಬ್ಬೆಟ್ಟಿಗೇನು ಇಷ್ಟೊಂದು ಮಸಿ? ಓಗು, ತೊಳ್ಕೋ."

ಕೈ ತೊಳೆಯಲು ಬಚ್ಚಲಿಗೆ ಹೋದೆ. ಕರಪತ್ರದ ಕಟ್ಟು ಕಳೆಯಲಿಲ್ಲ, ದನಗಳು ಮೈದಾ ತಿನ್ನಲಿಲ್ಲ, ಮಗುವಿಗೆ ಜ್ವರ ಬರಲಿಲ್ಲ, ಇನ್ಸ್‌ಪೆಕ್ಟರರ ಜೀಪು ಇವತ್ತಿಗೂ ಬಂದಿಲ್ಲ. ತಪ್ಪಿದ್ದು ಒಂದು ರಬ್ಬರು ಮುದ್ರೆ ಮಾತ್ರ. ಸ್ಲೇಟಿನ ಮೇಲೆ ನಾನು ತೋರಿಸಿಕೊಟ್ಟ ಮನೆಗಿಂತ ಒಂದು ಅಂಗುಲ ಕೆಳಗೆ ಬಿದ್ದಿತ್ತು.