ಸಪ್ಪಳ ನಿಂತ ಗುರುವಾರ

ಮೊನ್ನೆ ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್ ತುಕ್ಕು ಹಿಡಿದ ಒಂದು ಕಬ್ಬಿಣದ ಕ್ಲಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲಿಗೆ ಬಂದ. ನನ್ನ ಕಾರಿನ ಕೆಳಗೆ ಬಿದ್ದಿತ್ತಂತೆ. ಗ್ಯಾಸ್ ಪೈಪನ್ನು ಬಿಗಿಯಲು ಹಾಕುತ್ತಾರಲ್ಲ, ಅಂಥದ್ದೇ, ಆದರೆ ಬಳೆಯಷ್ಟು ದೊಡ್ಡದು. ನೋಡಿದ ಕೂಡಲೇ ಕಾಕು ಕಣ್ಣಮುಂದೆ ಬಂದು ನಿಂತರು. ಅದನ್ನು ಇಸಿದುಕೊಂಡು ಬಾಗಿಲು ಹಾಕಿಕೊಂಡೆ.

ಕಾಕು ಎದುರು ಫ್ಲ್ಯಾಟಿನವರು, ಬೆಳಗಾವಿ ಕಡೆಯವರು; ಅಲ್ಲಿ ಚಿಕ್ಕಮ್ಮನನ್ನು ಕಾಕು ಅನ್ನುತ್ತಾರೆ. ಬ್ಯಾಂಕ್ ಕೆಲಸಕ್ಕೆಂದು ನಾನು ಮೈಸೂರಿನಿಂದ ಪುಣೆಗೆ ಬಂದ ಹೊಸತರಲ್ಲಿ, ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಅಮ್ಮನ ಜೊತೆ ಜಗಳವಾಡುತ್ತಿದ್ದೆ. "ಕನ್ನಡದಾಗ ಜಗಳಾ ಕೇಳಿ ಭಾಳ ದಿನಾ ಆಗಿತ್ತವಾ, ಒಳಗ ಬಾ" ಎಂದು ಕರೆದು ಚಹಾ ಕೊಟ್ಟರು. ಆಮೇಲೆ ನನ್ನ ಮನೆಯಲ್ಲಿ ಒಲೆ ಹಚ್ಚಿದ್ದೇ ಕಡಿಮೆ.

ಅವರಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ, ಗುರುವಾರಗಳಂದು ಕಿಮೋಗೆ ಕರೆದೊಯ್ಯುವ ಕೆಲಸ ನನ್ನದಾಯಿತು. ಅವರ ಯಜಮಾನರಿಗೆ ಕಾರ್ಖಾನೆಯಲ್ಲಿ ರಜೆ ಸಿಗುತ್ತಿರಲಿಲ್ಲ. ನನ್ನ ಸೆಕೆಂಡ್‌ಹ್ಯಾಂಡ್ ಕಾರೋ, ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ಕೆಳಗಿನಿಂದ ಡಬ್ಬಿಯಲ್ಲಿ ಕಲ್ಲು ಕುಲುಕಿದ ಹಾಗೆ ಗಡಗಡ ಅನ್ನುತ್ತಿತ್ತು. ಸ್ವಾರಗೇಟ ಸಿಗ್ನಲ್ಲಂತೂ ಮುಗಿಯುವುದೇ ಇಲ್ಲ. ಕಾಕು ಹಿಂದಿನ ಸೀಟಿನಲ್ಲಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಒರಗಿರುತ್ತಿದ್ದರು. ಈ ದರಿದ್ರ ಸಪ್ಪಳಕ್ಕೇ ಅವರ ತಲೆ ಸಿಡಿಯುತ್ತಿರಬೇಕೆಂದು ನನಗೆ ಕಾರಿನ ಮೇಲೆ ಎಲ್ಲಿಲ್ಲದ ಸಿಟ್ಟು.

ಗ್ಯಾರೇಜಿನಲ್ಲಿ ಬಿಟ್ಟು ಮರುದಿನ ಹೋದರೆ, ತಣ್ಣಗಾದ ಕಾರು ಒಳ್ಳೆ ಸಾಧುವಿನ ಹಾಗೆ ಸುಮ್ಮನಿರುತ್ತಿತ್ತು. "ಆವಾಜ್ ಕುಠೆ ಆಹೆ, ಮ್ಯಾಡಮ್?" ಎಂದು ಮೆಕ್ಯಾನಿಕ್, ಸದ್ದೆಲ್ಲಿದೆ ಅಂತ, ನನ್ನ ಕಿವಿಯನ್ನೇ ಅನುಮಾನಿಸಿದ. ಬಿಸಿಯಾದ ಮೇಲಷ್ಟೇ ಅದಕ್ಕೆ ಬಾಯಿ ಬರುವುದೆಂದು ಎಷ್ಟು ಹೇಳಿದರೂ ಅವನಿಗೆ ಪುರುಸೊತ್ತಿರಲಿಲ್ಲ.

ಕೊನೆಗೆ ಒಂದು ಭಾನುವಾರ ನಾನೇ ಕ್ಯಾಂಪ್ ಬಡಾವಣೆಯವರೆಗೆ ಓಡಿಸಿ, ಕಾರನ್ನು ಬಿಸಿ ಮಾಡಿಕೊಂಡು ಬಂದೆ. ಆದರೆ ಒಬ್ಬರು ಒಳಗೆ ಕೂತು ಆಕ್ಸಿಲರೇಟರನ್ನು ಒತ್ತಿ ಬಿಡಬೇಕು, ಇನ್ನೊಬ್ಬರು ಕೆಳಗೆ ಬಗ್ಗಿ ಕೇಳಬೇಕು. ಬಾಲ್ಕನಿಯಿಂದ ನೋಡುತ್ತಿದ್ದ ಕಾಕು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ನಾನು ಬೇಡವೆಂದರೂ ಇಳಿದು ಬಂದರು. ಕೈಯಲ್ಲಿ ನಾನು ಕೇಳಿದ್ದ ಲಟ್ಟಣಿಗೆ ಬೇರೆ. ಜನ್ಮದಲ್ಲಿ ಸ್ಟಿಯರಿಂಗ್ ಮುಟ್ಟಿದವರಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ.

"ಮೆಲ್ಲಗೆ ಕಾಕು, ರೊಟ್ಟಿ ಬಡಿಯೋ ಹಾಗಲ್ಲ!"

"ಸುಮ್ನಿರವಾ. ರೊಟ್ಟಿನೂ ಮೆತ್ತಗನ ಬಡೀಬೇಕಾಗ್ತದ."

ನೆಲದ ಮೇಲೆ ಮಲಗಿ, ಲಟ್ಟಣಿಗೆಯಿಂದ ಸೈಲೆನ್ಸರ್ ಪೈಪಿನ ಉದ್ದಕ್ಕೂ ಒತ್ತುತ್ತ ಹೋದೆ. ಶಾಖ ತಡೆಯಲೆಂದು ಪೈಪಿಗೆ ಹೊದಿಸಿದ್ದ ತೆಳು ತಗಡನ್ನು ಒತ್ತಿದ್ದೇ ತಡ, ಗಡಗಡ ನಿಂತಿತು. ಬಿಟ್ಟರೆ ಮತ್ತೆ ಶುರು. ತಗಡಿನ ಬೋಲ್ಟ್ ತುಕ್ಕು ತಿಂದು ಉದುರಿಹೋಗಿತ್ತು. ಪೈಪು ಆರಿದ ಮೇಲೆ, ಹಾರ್ಡ್‌ವೇರ್ ಅಂಗಡಿಯಿಂದ ಈ ಕ್ಲಿಪ್ ತಂದು ತಗಡಿನ ಸುತ್ತ ಹಾಕಿ ಬಿಗಿದೆ. ಇನ್ನೊಂದು ಸುತ್ತು ಓಡಿಸಿ ತಂದೆ, ಸದ್ದಿಲ್ಲ! ಕಾಕು ನಕ್ಕರು. ಆಮೇಲೆ ಯಾಕೋ ಸುಮ್ಮನಾದರು... ದಣಿದಿರಬೇಕು ಅಂದುಕೊಂಡೆ.

ಮುಂದಿನ ಗುರುವಾರ ಆಸ್ಪತ್ರೆಯಿಂದ ಬರುವಾಗ ಸ್ವಾರಗೇಟ ಸಿಗ್ನಲ್ಲಿನಲ್ಲಿ ನಿಂತೆವು. ಕಾರಿನಲ್ಲಿ ಪಿಟ್ಟೆನ್ನುವ ಶಬ್ದವಿಲ್ಲ. ಆಗ ಹಿಂದಿನಿಂದ ಒಂದು ನರಳಾಟ ಕೇಳಿಸಿತು. ಎಷ್ಟು ತಡೆದರೂ ತಡೆಯಲಾಗದೆ ಹೊರಬಿದ್ದದ್ದು. ತಿರುಗಿ ನೋಡಿದರೆ ಕಾಕು ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದರು.

"ಕಾಕು... ಇಷ್ಟು ನೋವಿದೆಯಾ? ಯಾವಾಗಿಂದ?"

"ಮೊದಲಿಂದನೂ ಅದವಾ. ಆ ಸಪ್ಪಳದಾಗ ನಿನಗ ಕೇಳತಿದ್ದಿಲ್ಲ, ಚಲೋ ಇತ್ತು. ಮನ್ಯಾಗ ಇವರ ಮುಂದ ನರಳಂಗಿಲ್ಲ, ಅವರು ಉಣ್ಣೂದು ಬಿಡ್ತಾರ. ಸಿಗ್ನಲ್ ಬಂತಂದ್ರ ಅಷ್ಟು ಹೊತ್ತು ನಂದು ಅಂತಿದ್ದೆ."

"ಆ ಕ್ಲಿಪ್ ತೆಗೆದುಬಿಡ್ತೀನಿ ಕಾಕು" ಎಂದೆ. "ಹುಚ್ಚಿ" ಎಂದರು. ಹಿಂದಿನವರೆಲ್ಲ ಹಾರ್ನ್ ಒತ್ತುತ್ತಿದ್ದರು.

ಆಮೇಲಿನ ಗುರುವಾರಗಳಲ್ಲಿ, ಕಾರು ನಿಂತ ಕೂಡಲೇ ನಾನು ರೇಡಿಯೋ ಜೋರು ಮಾಡುತ್ತಿದ್ದೆ. ಕನ್ನಡಿಯ ಕಡೆ ನೋಡುತ್ತಿರಲಿಲ್ಲ. ಅಂಥ ಗುರುವಾರಗಳು ಹೆಚ್ಚು ಸಿಗಲೂ ಇಲ್ಲ... ಮಳೆಗಾಲ ಶುರುವಾಗುವ ಮೊದಲೇ ಕಾಕು ಹೋಗಿಬಿಟ್ಟರು. ಅವರ ಯಜಮಾನರು ಫ್ಲ್ಯಾಟ್ ಖಾಲಿ ಮಾಡಿ ಊರಿಗೆ ಹೊರಟಾಗ, ಕೇಳದೆಯೇ ಆ ಲಟ್ಟಣಿಗೆಯನ್ನು ನನ್ನ ಕೈಗಿಟ್ಟರು.

ಹೊಸ ಕ್ಲಿಪ್ ತಂದಿಟ್ಟುಕೊಂಡಿದ್ದೇನೆ. ಲಟ್ಟಣಿಗೆಯೂ ಇದೆ. ಒಳಗೆ ಕೂತು ಮೆತ್ತಗೆ ಆಕ್ಸಿಲರೇಟರ್ ಒತ್ತುವವರಿಲ್ಲ. ಇವತ್ತು ಸ್ವಾರಗೇಟ ಸಿಗ್ನಲ್ಲಿನಲ್ಲಿ ಕಾರು ಮತ್ತೆ ಗಡಗಡ ಅನ್ನತೊಡಗಿತು. ಗಾಜು ಏರಿಸಿಕೊಂಡು, ಬಾಯಿಬಿಟ್ಟು ಅತ್ತೆ. ಪಕ್ಕದಲ್ಲಿ ನಿಂತಿದ್ದ ಸ್ಕೂಟರಿನವನು ತಿರುಗಿಯೂ ನೋಡಲಿಲ್ಲ.